ಒಮ್ಮಿ ನೋಡಬಹುದ್ರಿ

ಅಕ್ಕೋರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ, ಒಂದೇ ಸಲ, ಅದೂ ಅಚ್ಚಿನಲ್ಲಿ, ಅವರ ಫೋಟೋದ ಕೆಳಗೆ. ಆ ಒಂದು ಸಲದ ಕರ್ಮವೇ ನನಗೆ ಈ ಜನ್ಮಕ್ಕೆ ಸಾಕಾಗಿದೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅಂತಲೇ ಅನ್ನುತ್ತಾರೆ. ಇಲ್ಲಿಯೂ ಅಷ್ಟೇ ಇರಲಿ.

ಅವರು ತೀರಿಕೊಂಡು, ಅವರ ಮಣ್ಣಿಗೆ ನಾನು ಹೋಗಿ ಬಂದ ಐದನೆಯ ದಿನ ಗೋಕಾಕದ ವಾರಪತ್ರಿಕೆಯ ಸಂಪಾದಕರು ಫೋನ್ ಮಾಡಿದರು. "ಸರ್, ಅಕ್ಕೋರ ಮ್ಯಾಲ ಒಂದ ಅರ್ಧ ಪೇಜ್ ಬರದ ಕೊಡ್ರಿ. ನಿಮಗಿಂತ ಚಲೋ ಅವರ ಯಾರಿಗೆ ಗೊತ್ತದಾರು? ಆ ಸಿನಿಮಾದ ಮಾತು ಮಾತ್ರ ಬಿಡಬ್ಯಾಡ್ರಿ, ಅದನ್ನ ಹೆಡ್ಡಿಂಗ್ ಮಾಡೂಣು" ಅಂದರು. ಬರೆಯುತ್ತೇನೆ ಅಂದೆ. ಬರೆದದ್ದು ಇದು. ಇದನ್ನು ಅವರು ಹಾಕುವುದಿಲ್ಲ ಅಂತ ನನಗೆ ಗೊತ್ತು.

ಕಲ್ಲೋಳಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಹದಿನಾರು ವರ್ಷ ಒಂದೇ ಟೇಬಲ್ಲಿನ ಆಚೆ ಈಚೆ ಕೂತವರು. ಅವರು ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದರು, ನಾನು ಗೋಕಾಕದಿಂದ ಮೋಟರ್ ಸೈಕಲ್ಲಿನ ಮೇಲೆ. ಎತ್ತರದ, ತೆಳ್ಳನೆಯ ಹೆಂಗಸು. ಹಣೆಗೆ ವಿಭೂತಿ, ಕೈಗೆ ಬಳೆಯಿಲ್ಲ, ಬದಲಿಗೆ ಗಂಡಸರು ಕಟ್ಟುವ ದಪ್ಪ ಗಡಿಯಾರ. ಅವರ ಗಂಡ ಘೋಡಗೇರಿಯವರು, ಮಿಲಿಟರಿಯಲ್ಲಿದ್ದವರು. ಗಡಿಯಲ್ಲಿ ಗುಂಡು ತಗಲಿ ತೀರಿಕೊಂಡಾಗ ಅಕ್ಕೋರಿಗೆ ಹತ್ತೊಂಬತ್ತು ವರ್ಷ. ಹೀಗಾಗಿ ಆ ಗಡಿಯಾರ ಗಂಡನದೇ ಅಂತ ಊರೆಲ್ಲ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ಹೊಸದಾಗಿ ಬಂದ ಮಾಸ್ತರರೊಬ್ಬರು ಝಂಡಾ ಏರಿಸುವ ದಿನ ಆ ಗಡಿಯಾರದ ಟಿಕ್ ಟಿಕ್ ಸಪ್ಪಳದ ಮೇಲೆ ಹತ್ತು ನಿಮಿಷ ಭಾಷಣ ಮಾಡಿ, ಮುಂದೆ ಕೂತ ತಾಯಂದಿರ ಕಣ್ಣಲ್ಲಿ ನೀರು ತರಿಸಿದರು. ಅಕ್ಕೋರು ಅವರನ್ನು ಬಾಜೂಕ್ಕೆ ಕರೆದು, "ಮಾಸ್ತರ, ಇದನ್ನ ನನ್ನ ಮೊದಲನೇ ಪಗಾರದಾಗ ನಾನ ತಗೊಂಡೇನ್ರಿ. ಹೆಂಗಸರ ಗಡಿಯಾರದಾಗ ಅಂಕಿ ಕಾಣೂದಿಲ್ಲ ಅಂತ ಗಂಡಸರದ ತಗೊಂಡೆ" ಅಂದರು. ಮಾಸ್ತರರು ಹೌದೇನ್ರಿ ಅಂದರು. ಮರುವರ್ಷವೂ ಅದೇ ಭಾಷಣ ಮಾಡಿದರು.

ನಾನು ಆ ಮಾಸ್ತರರನ್ನು ನೋಡಿ ನಗುತ್ತಿದ್ದೆ. ನಗುವ ಯೋಗ್ಯತೆ ನನಗಿರಲಿಲ್ಲ, ಏಕೆಂದರೆ ನನ್ನದೂ ಅಂಥದೇ ದಂಧೆ. ಆ ವಾರಪತ್ರಿಕೆಯಲ್ಲಿ ನಾನು 'ಪರದೆಯ ಮುಂದಿನ ಮಂದಿ' ಅಂತ ಒಂದು ಅಂಕಣ ಬರೆಯುತ್ತಿದ್ದೆ. ಗೋಕಾಕದ ಟಾಕೀಜಿಗೆ ಹೊಸ ಸಿನಿಮಾ ಬಂದರೆ ಮೊದಲ ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು ಹತ್ತು ಮಂದಿಯನ್ನು ಹೇಗಿತ್ತು ಅಂತ ಕೇಳುವುದು, ಹೆಸರು ಊರು ಸಮೇತ ಅವರ ಅಭಿಪ್ರಾಯ ಹಾಕುವುದು. ಮೊದಲ ನಾಲ್ಕು ತಿಂಗಳು ಪ್ರಾಮಾಣಿಕವಾಗಿಯೇ ನಿಂತೆ. ಕಂಡಕ್ಟರನನ್ನು ಕೇಳಿದರೆ "ಒಮ್ಮಿ ನೋಡಬಹುದ್ರಿ" ಅಂದ. ಕಾಲೇಜು ಹುಡುಗಿಯನ್ನು ಕೇಳಿದರೆ "ಒಮ್ಮಿ ನೋಡಬಹುದ್ರಿ". ಬೆಲ್ಲದ ವ್ಯಾಪಾರಿ, ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್, ಕಂಪೌಂಡರ್, ಎಲ್ಲರದೂ ಅದೇ ಮಾತು. ಸಾಕಾಗಿ, ಮನೆಯಲ್ಲಿ ಕೂತು ನಾನೇ ಹತ್ತು ಅಭಿಪ್ರಾಯ ಬರೆಯಲು ಶುರು ಮಾಡಿದೆ. ಹೆಸರು ಎಲ್ಲಿಂದ ತರುವುದು? ಮಾಸ್ತರನಾದವನಿಗೆ ಹೆಸರಿಗೇನು ಬರ. ನನ್ನ ಹಳೆಯ ಹಾಜರಿ ಪುಸ್ತಕ ಇತ್ತು.

ಒಂದು ದಿನ ನಾಗನೂರಿನ ನನ್ನ ಹಳೆಯ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ, ಶಾಲೆಗೇ ಬಂದು ಮುಖ ಉಬ್ಬಿಸಿಕೊಂಡು ನಿಂತ. "ಸರ್, ನಾ ಸಿನಿಮಾ ನೋಡಿ ಕಣ್ಣೀರ ಹಾಕೇನಂತ ಪೇಪರಿನ್ಯಾಗ ಬಂದೈತಿ. ಆವತ್ತ ನಾ ಅಪೆಂಡಿಕ್ಸ್ ಆಪರೇಶನ್ ಮಾಡಿಸಿಕೊಂಡ ದವಾಖಾನ್ಯಾಗ ಮಲಗಿದ್ದೆ. ಈಗ ನನ್ನ ಹೇಣ್ತಿ ಕೇಳಾಕತ್ಯಾಳ, ದವಾಖಾನಿಂದ ಎದ್ದ ಯಾರ ಜೋಡಿ ಸಿನಿಮಾಕ್ಕ ಹೋಗಿದ್ದಿ ಅಂತ." ಅವನಿಗೆ ಚಹಾ ಕುಡಿಸಿ, ಅದು ನಿನ್ನದೇ ಹೆಸರು, ಅಡ್ಡಹೆಸರಿನ ಬೇರೊಬ್ಬ ಅಂತ ಸಮಜಾಯಿಸಿ ಕಳಿಸಿದೆ. ಎದುರಿಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಅಕ್ಕೋರು ಕೆಂಪು ಪೆನ್ನು ಕೆಳಗಿಟ್ಟರು.

"ಸರ್, ನಾ ಭಾಳ ದಿನದಿಂದ ಕೇಳಬೇಕಂತ ಮಾಡಿದ್ದೆ. ಆ ಟಾಕೀಜಿನಿಂದ ಮಂದಿ ಅಕಾರಾದಿಯಾಗಿ ಹೊರಗ ಬರ್ತಾರೇನ್ರಿ?"

ನನಗೆ ನಗು ಬಂತು, ಬೆವರೂ ಬಂತು. ಮೂರು ವರ್ಷದಿಂದ ಒಬ್ಬ ಓದುಗನೂ ಹಿಡಿಯದ ಕಳ್ಳತನವನ್ನು ಅವರು ಹೆಸರಿನ ಕ್ರಮ ನೋಡಿಯೇ ಹಿಡಿದಿದ್ದರು. ಹಾಜರಿ ಕೂಗಿದವರಿಗೆ ಮಾತ್ರ ಗೊತ್ತಾಗುವ ತಪ್ಪು ಅದು. ಮಂದಿ ಎಲ್ಲ ಒಂದೇ ಮಾತು ಹೇಳುತ್ತಾರೆ, ನಾನೇನು ಮಾಡಲಿ ಅಂತ ಕೇಳಿದೆ. ಅಕ್ಕೋರು ಸ್ವಲ್ಪ ವಿಚಾರ ಮಾಡಿ, "ಒಮ್ಮಿ ನೋಡಬಹುದ್ರಿ ಅಂದ್ರ ಅದ ಅಭಿಪ್ರಾಯ ಅಲ್ರಿ ಸರ್. ನಿಮ್ಮ ಕೈಯಾಗ ನನ್ನ ಮನಸ್ಸ ಕೊಡೂದಿಲ್ಲ, ಮುಂದ ಹೋಗ್ರಿ ಅಂತ ಅದರರ್ಥ" ಅಂದರು. ಆ ಮಾತನ್ನು ನಾನು ಆಗ ಚಪ್ಪರಿಸಿಕೊಂಡು ಕೇಳಿದೆ. ಮುಂದೆ ಅದೇ ಮಾತು ನನ್ನ ಬೆನ್ನಿಗೆ ಬೀಳುತ್ತದೆ ಅಂತ ತಿಳಿದಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಅಂಕಣದ ಸುಗ್ಗಿ. ಅಕ್ಕೋರಿಗೆ ಸಿನಿಮಾ ಅಂದರೆ ಪ್ರಾಣ. ಮೂಡಲಗಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ರವಿವಾರ ಗೋಕಾಕಕ್ಕೆ ಬಂದು ಮಧ್ಯಾಹ್ನದ ಆಟ ನೋಡಿ, ಬೆಳಕಿರುವಾಗಲೇ ಬಸ್ಸು ಹತ್ತುತ್ತಿದ್ದರು. ಸೋಮವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಅವರು ಹೇಳುವುದು, ನಾನು ಬಾಯಿಬಿಟ್ಟು ಕೇಳುವುದು. ಹಳ್ಳಿಯ ಕಥೆಯೊಂದನ್ನು ಬೆಂಗಳೂರಿನ ಪತ್ರಿಕೆಗಳೆಲ್ಲ ಹೊಗಳಿದ್ದವು. ಅಕ್ಕೋರು ಅಂದರು: "ಕಬ್ಬಿನ ಹೊಲದಾಗ ಹೀರೋ ಓಡಿಕೋಂತ ಹಾಡ ಹೇಳಿದನಲ್ರಿ, ಮೈಮ್ಯಾಲ ಒಂದ ಗೀರರೆ ಬಿತ್ತೇನು? ಗರಗಸದಂಥಾ ಕಬ್ಬಿನ ರವದಿ ಎಲಿ ಅವನ್ನ ನೋಡಿ ಅಂಜಿರಬೇಕು." ಇನ್ನೊಂದರಲ್ಲಿ ಹೀರೋ ಮೂರು ದಿನ ಉಪವಾಸವಿದ್ದು ಊಟಕ್ಕೆ ಕೂರುತ್ತಾನೆ, ಗಬಗಬ ತಿನ್ನುತ್ತಾನೆ, ನೋಡಿದವರೆಲ್ಲ ಅತ್ತಿದ್ದರು. ಅಕ್ಕೋರು ಮಾತ್ರ, "ಖರೆ ಹಸದಾವರು ಮೊದಲ ನೀರ ಕುಡೀತಾರ್ರಿ. ಬಿಸಿಯೂಟಕ್ಕ ಕುಂತ ನಮ್ಮ ಹುಡುಗರನ್ನ ನೋಡ್ರಿ" ಅಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ಹತ್ತು ಹೆಸರಿಗೆ ಹಂಚಿ ಹಾಕಿದೆ, ಈಗ ಅಕಾರಾದಿ ತಪ್ಪಿಸಿ. ಗೋಕಾಕದ ಪ್ರೇಕ್ಷಕರು ಎಷ್ಟು ಸೂಕ್ಷ್ಮ ಅಂತ ಓದುಗರು ಪತ್ರ ಬರೆದರು. ಹಾಲು ಕುಡಿದಷ್ಟು ಸಂತೋಷ ನನಗೆ.

ನಿಮ್ಮ ಹೆಸರು ಹಾಕುತ್ತೇನೆ ಅಂತ ಒಂದೆರಡು ಸಲ ಬಾಯಿಮಾತಿಗೆ ಅಂದದ್ದುಂಟು. "ಬ್ಯಾಡ್ರಿ, ಬ್ಯಾಡ್ರಿ" ಅನ್ನುತ್ತಿದ್ದರು. "ಹುತಾತ್ಮನ ಹೇಣ್ತಿ ವಾರಾ ವಾರಾ ಸಿನಿಮಾಕ್ಕ ಹೋಗ್ತಾಳಂತ ಗೊತ್ತಾದ್ರ ಘೋಡಗೇರಿಯಾಗ ಯಾರಿಗೂ ನೀರ ಇಳಿಯೂದಿಲ್ಲ." ಅವರು ಬೇಡ ಅಂದದ್ದು ನನಗೆ ಅನುಕೂಲವೇ ಆಗಿತ್ತು. ಒತ್ತಾಯ ಮಾಡಲಿಲ್ಲ.

ಘೋಡಗೇರಿ ಅಂದರೆ ಅವರ ಗಂಡನ ಮನೆ. ಅಲ್ಲಿ ರಸ್ತೆಯ ಪಕ್ಕದ ಸ್ವಂತ ಹೊಲದ ಮೂಲೆಯಲ್ಲಿ ಗಂಡನ ಎದೆಮಟ್ಟದ ಮೂರ್ತಿ ಇದೆ. ವರ್ಷಕ್ಕೆ ಎರಡು ಸಲ ಝಂಡಾ ಏರಿಸುವ ದಿನ ಶಾಲೆಯದು ಮುಗಿಸಿಕೊಂಡು, ಇನ್ನೊಂದು ಸಲ ಗಂಡ ಸತ್ತ ದಿನ, ಅಕ್ಕೋರು ಹೋಗಿ ಅದಕ್ಕೆ ಹಾರ ಹಾಕಬೇಕು. ಒಂದು ವರ್ಷ ಬಸ್ಸು ಸಿಗದೆ ನನ್ನ ಮೋಟರ್ ಸೈಕಲ್ಲಿನ ಮೇಲೆ ಕರೆದೊಯ್ದಿದ್ದೆ. ಅವರ ಮೈದುನ ಹಾರ ಹಿಡಿದುಕೊಂಡು ಕಾಯುತ್ತಿದ್ದ. ಸಭ್ಯ ಮನುಷ್ಯ, ಅಕ್ಕೋರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಾಜಿ ಸೈನಿಕರು, ಪಂಚಾಯ್ತಿಯವರು, ಶಾಲೆಯ ಮಕ್ಕಳು. ಅಕ್ಕೋರು ಹಾರ ಹಾಕಿ, ಕೈಮುಗಿದು, ಫೋಟೋ ತೆಗೆಯುವ ತನಕ ಹಾಗೆಯೇ ನಿಂತರು. ವಾಪಸು ಬರುವಾಗ ದಾರಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿದೆ.

"ಸರ್, ಆ ಮೂರ್ತಿಗೆ ಮೀಸಿ ನೋಡಿದ್ರೇನು?" ಅಂದರು.

"ಹೌದ್ರಿ, ಭಾರೀ ಮೀಸಿ."

"ಅವರಿಗೆ ಮೀಸಿ ಇರಲಿಲ್ಲರಿ."

ಮೂರ್ತಿ ಮಾಡಿದವರಿಗೆ ಮಿಲಿಟರಿಯವನು ಅಂದರೆ ಮೀಸೆ ಬೇಕೇ ಬೇಕು ಅನಿಸಿರಬೇಕು. ಆಗ ಅಕ್ಕೋರು ಹೇಳಿದ್ದರಂತೆ, ಯಾರೂ ಕೇಳಲಿಲ್ಲವಂತೆ.

ಆಮೇಲೆ ಆ ಸಿನಿಮಾ ಬಂತು. ಅದರ ಹೆಸರೂ ಬೇಡ. ನೀರಿನ ಹಾಗೆ ರೊಕ್ಕ ಸುರಿದು ತೆಗೆದ ಯುದ್ಧದ ಪ್ರೇಮಕಥೆ, ಟ್ಯಾಂಕು, ಹಿಮ, ವಿಮಾನ, ನಡುವೆ ಆರು ಹಾಡು. ಗೋಕಾಕದಲ್ಲಿ ಬಸ್‌ಸ್ಟ್ಯಾಂಡಿನಿಂದ ಟಾಕೀಜಿನ ತನಕ ಬ್ಯಾನರು. ಮೊದಲ ಆಟಕ್ಕೆ ಮುಂಚೆ ಹುತಾತ್ಮರ ಹೆಂಡಂದಿರಿಗೆ ಸತ್ಕಾರ ಅಂತ ಮಾಡಿ, ಅಕ್ಕೋರನ್ನೂ ಕರೆಸಿದರು. ಪರದೆಯ ಮುಂದೆ ನಿಲ್ಲಿಸಿ ಶಾಲು ಹೊದಿಸಿ ಬುಟ್ಟಿ ತುಂಬ ಹಣ್ಣು ಕೊಟ್ಟರು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾವಾಗಲೂ ಬಾಲ್ಕನಿಯ ಮೂಲೆಯಲ್ಲಿ ಸೆರಗು ಹೊದ್ದು ಕೂರುತ್ತಿದ್ದವರನ್ನು ಅಂದು ನಡುವಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಕೂರಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ.

ಕಥೆ ಇಷ್ಟೇ. ಮದುವೆಯಾದ ಹೊಸತರಲ್ಲಿ ಹೀರೋ ಯುದ್ಧಕ್ಕೆ ಹೋಗುತ್ತಾನೆ, ಸಾಯುತ್ತಾನೆ. ಸತ್ತ ಅಂತ ಹೀರೋಯಿನ್ ಒಪ್ಪುವುದಿಲ್ಲ. ನಲವತ್ತು ವರ್ಷ ದಿನಾ ಸಂಜೆ ಕಂದೀಲು ಹಿಡಿದು ರೈಲು ಸ್ಟೇಷನ್ನಿಗೆ ಬರುತ್ತಾಳೆ. ಕೊನೆಗೆ ಮುದುಕಿಯಾಗಿ ಹಿಮದ ಬೆಟ್ಟ ಹತ್ತಿ ಅವನ ಸಮಾಧಿಯ ಪಕ್ಕ ಮಲಗಿ ಪ್ರಾಣ ಬಿಡುತ್ತಾಳೆ. ಟಾಕೀಜಿನ ತುಂಬ ಮೂಗು ಸೊರ್ ಸೊರ್ ಅನ್ನುವ ಸಪ್ಪಳ. ಮಂದಿ ಪರದೆ ಬಿಟ್ಟು ಅಕ್ಕೋರ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಅವರು ಅಳುತ್ತಾರೋ ಇಲ್ಲವೋ ಅಂತ ಎಲ್ಲರಿಗೂ ಕುತೂಹಲ. ಅಕ್ಕೋರು ಅಲುಗಾಡದೆ ಕೂತಿದ್ದರು.

ಎಷ್ಟೋ ವರ್ಷದ ಮೇಲೆ ಅಂದು ನಾನು ಬಾಗಿಲಲ್ಲಿ ನಿಂತು ನಿಜವಾಗಿ ಅಭಿಪ್ರಾಯ ಕೇಳಿದೆ, ಏಕೆಂದರೆ ಅಂದು ಯಾರೂ ಒಮ್ಮೆ ನೋಡಬಹುದು ಅನ್ನಲಿಲ್ಲ. ಕಾಲೇಜು ಹುಡುಗಿಯರು ಕರವಸ್ತ್ರ ಹಿಂಡುತ್ತ "ಪ್ರೀತಿ ಅಂದ್ರ ಇದರಿ" ಅಂದರು. "ಖರ್ಚ ಮಾಡಿದ್ದ ಪರದಿ ಮ್ಯಾಲ ಕಾಣತೈತ್ರಿ" ಅಂದ ಒಬ್ಬ ಕಿರಾಣಿ ಅಂಗಡಿಯವ. ಹುಕ್ಕೇರಿಯಿಂದ ಬಂದ ಮಾಜಿ ಸೈನಿಕರೊಬ್ಬರು ಮಾತ್ರ, "ಆ ಬರ್ಫದಾಗ ಅಂಗಿ ಗುಂಡಿ ಬಿಚ್ಚಿ ಹಾಡಿದ್ರ ಎರಡನೇ ನುಡಿಗೇ ನ್ಯುಮೋನಿಯಾ ಆಗತೈತಿ" ಅಂತ ಬೀಡಿ ಹಚ್ಚಿದರು. ಆದರೂ ಅವರ ಕಣ್ಣೂ ಕೆಂಪಗಿತ್ತು. ಇನ್ನೊಬ್ಬ ಹೆಂಗಸು ತನ್ನ ಸೊಸೆಗೆ ಅಕ್ಕೋರನ್ನು ಬೆರಳು ಮಾಡಿ ತೋರಿಸಿ, "ನೋಡ, ಸಿನಿಮಾದಾಗ ಅಷ್ಟ ಅಲ್ಲ, ನಮ್ಮಾಗೂ ಅದಾರ ಅಂಥಾವರು" ಅಂದಳು.

ಹಣ್ಣಿನ ಬುಟ್ಟಿ ಭಾರವಾಗಿತ್ತು ಅಂತ ನಾನೇ ಅಕ್ಕೋರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಮೂಡಲಗಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತೆವು. ಹೆಂಗಿತ್ತರಿ ಅಂತ ಕೇಳಿದೆ. ಸೋಮವಾರದ ತನಕ ತಡೆಯುವ ತಾಳ್ಮೆ ನನಗಿರಲಿಲ್ಲ.

"ಸರ್, ಈ ಸಲ ನನ್ನ ಹೆಸರ ಹಾಕ್ರಿ" ಅಂದರು.

ನಾನು ಬೆಚ್ಚಿದೆ. ಅವರು ಶಾಲು ಮಡಿಚಿ ಬುಟ್ಟಿಯೊಳಗೆ ತುರುಕುತ್ತ ಹೇಳುತ್ತ ಹೋದರು. ನಾನು ಚೀಟಿಯ ಮೇಲೆ ಬರೆದುಕೊಳ್ಳುತ್ತ ಹೋದೆ. ಆ ಚೀಟಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಇದ್ದದ್ದನ್ನೇ ಇಲ್ಲಿ ಇಳಿಸುತ್ತೇನೆ:

"ಅಕಿ ನಲವತ್ತ ವರ್ಷ ಕಾದಳಂತ. ಅಕಿನ್ನ ಯಾರರೆ ಮದಿವಿಗೆ ಬಂದ ಕೇಳಿದ್ದರೇನು? ಆ ಮಾತ ಸಿನಿಮಾದಾಗ ಇಲ್ಲ. ನನ್ನ ಕೇಳಾಕ ಬಂದಿದ್ದರು. ಮೂಡಲಗಿಯಾಗ ಒಬ್ಬರು ಮಾಸ್ತರ ಇದ್ದರು, ಭಾಳ ಚಲೋ ಮನುಷ್ಯಾ. ನಾ ಹೂಂ ಅಂದಿದ್ದೆ. ನಮ್ಮ ಅವ್ವನೂ ಹೂಂ ಅಂದಿದ್ದಳು. ನಮ್ಮಾಗ ಗಂಡ ಸತ್ತ ಮ್ಯಾಲ ಉಡಿಕಿ ಮಾಡಿಕೊಂಡಾವರಿಗೇನ ಕಡಿಮಿ ಐತೇನ್ರಿ? ಆದ್ರ ಘೋಡಗೇರಿಯಾವರು ಬಂದ ಕುಂತರು. ಮೈದುನನ್ನ ಮಾಡಿಕೋ ಅಂದರು, ಪಿಂಚಣಿ ಮನ್ಯಾಗ ಉಳೀತೈತಿ, ಕಾಯ್ದೆ ಹಂಗ ಐತಿ ಅಂದರು. ಆ ಹುಡುಗಗ ಆಗ ಹದಿನಾರ. ನಾ ಅವನ ತಲೀ ಬಾಚಿ ಸಾಲಿಗೆ ಕಳಸತಿದ್ದೆ. ನಾ ಒಲ್ಲೆ ಅಂದೆ. ಅವನೂ ಅತ್ತ. ಅದಾದ ಮ್ಯಾಲ ಹಂಗಾರ ಯಾರನ್ನೂ ಮಾಡಿಕೋಬ್ಯಾಡ ಅಂದರು. ಮೂರ್ತಿ ಕುಂದರಸ್ಯಾರ, ಬ್ಯಾರೆಯಾವರ ಹೇಣ್ತಿ ಬಂದ ಹಾರ ಹಾಕತಾಳೇನು ಅಂದರು. ಆ ಮಾಸ್ತರಿಗೆ ಯಾರ್ಯಾರೋ ಹೋಗಿ ಹೆದರಿಸಿದ್ರು. ಅವರು ವರ್ಗಾ ಮಾಡಿಸಿಕೊಂಡ ಹೋದರು. ನಾ ಕಾಯ್ಕೋಂತ ಕುಂತಾಕಿ ಅಲ್ರಿ ಸರ್. ನನ್ನ ಹಿಡದ ಕುಂದರಸ್ಯಾರ."

ಬಸ್ಸು ಬಂತೇನೋ ಅಂತ ದಾರಿ ನೋಡಿದರು. ಆಮೇಲೆ ಮೆತ್ತಗೆ ಅಂದರು: "ತೀರಿಕೊಂಡಾವರ ಮ್ಯಾಲ ನಂಗೇನ ಸಿಟ್ಟಿಲ್ಲರಿ. ಪಾಪ, ಇಪ್ಪತ್ತಾರ ದಿನ ಜೋಡಿ ಇದ್ದಿವಿ. ಈಗ ಮಾರಿ ನೆನಪಿಗೆ ಬರೂದಿಲ್ಲ. ಮೂವತ್ತೈದ ವರ್ಷ ಆ ಮೂರ್ತಿಗೆ ಹಾರ ಹಾಕಿ ಹಾಕಿ, ಕಣ್ಣ ಮುಚ್ಚಿದ್ರ ಆ ಮೀಸೀ ಮಾರಿನ ಬರತೈತಿ. ಸಿನಿಮಾದಾಗ ಕಡೀಕ ಅಕಿನ್ನ ಅವನ ಬಾಜೂಕ ಮಲಗಿಸ್ಯಾರಲ್ರಿ, ಮಂದಿ ಎಲ್ಲಾ ಅತ್ತರು. ನಂಗ ಅಂಜಿಕಿ ಬಂತು. ಅಲ್ಲಿ ಘೋಡಗೇರಿಯಾಗ ಮೂರ್ತಿ ಬಾಜೂಕ ಈಗಿಂದನ ಜಾಗಾ ಬಿಟ್ಟಾರ್ರಿ ನಂಗಂತ. ನಂಗ ಅಲ್ಲಿ ಬ್ಯಾಡ. ಮೂಡಲಗಿಯಾಗ ನನ್ನ ಮನಿ ಐತಿ, ನಾ ಕಲಿಸಿದ ಹುಡುಗರದಾರ, ನನ್ನ ಮೂಡಲಗಿಯಾಗನ ಮಣ್ಣ ಮಾಡ್ರಿ. ಇದನ್ನ ಬಾಯಿಲೆ ಹೇಳಿದ್ರ ಯಾರೂ ಕೇಳೂದಿಲ್ಲ. ಪೇಪರಿನ್ಯಾಗ ಬಂದ್ರ ಕೇಳತಾರು. ಬರೀತೀರಲ್ರಿ?"

ಬರೆಯುತ್ತೇನೆ ಅಂದೆ. ಬಸ್ಸು ಬಂತು. ಬುಟ್ಟಿಯಿಂದ ಎರಡು ಸೇಬು ತೆಗೆದು ನನ್ನ ಕೈಗಿಟ್ಟು ಹತ್ತಿಕೊಂಡರು.

ಬರೆದೆ ಕೂಡ. ಹೇಳಿದ ಹಾಗೆಯೇ, ಹೆಸರು ಹಾಕಿ ಬರೆದೆ. ಸಂಪಾದಕರು ಓದಿ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದರು. "ಸರ್, ತಲಿಗಿಲಿ ಕೆಟ್ಟೈತೇನ್ರಿ? ಟಾಕೀಜಿನಾವರ ಪೂರ್ತಿ ಪೇಜ್ ಜಾಹೀರಾತ ಅದರ ಬಾಜೂಕ ಐತಿ. ಹುತಾತ್ಮನ ಹೇಣ್ತಿ ಬ್ಯಾರೆ ಮದಿವಿಗೆ ಹೂಂ ಅಂದಿದ್ದಳಂತ ಹಾಕಿದ್ರ ನಾಳೆ ನಮ್ಮ ಆಫೀಸ್ ಇರತೈತೇನು?" ಹಾಗಾದರೆ ಏನು ಹಾಕೋಣ ಅಂದೆ. "ಸತ್ಕಾರದ ಫೋಟೋ ಐತಿ. ಅದರ ಬುಡಕ ಎರಡ ಚಲೋ ಸಾಲ ಬರೀರಿ. ನೀವ ಬರ್ಯಾಕ ಹುಟ್ಟಿದಾವರು, ನಾ ಹೇಳಬೇಕೇನು?" ಅಂದರು. ಫೋನ್ ಇಡುವ ಮುಂಚೆ ನನ್ನ ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವ ವಿಚಾರವನ್ನು ನೆನಪಿಸಿದರು. ಬರುವ ತಿಂಗಳೇ ಪ್ರೆಸ್ಸಿಗೆ ಕೊಡೋಣ ಅಂದರು.

ಬೇರೆಯವರಿಗಾದರೆ ನಾನು ಅಕ್ಕೋರ ಒಳ್ಳೆಯದಕ್ಕೇ ಹಾಗೆ ಮಾಡಿದೆ ಅಂತ ಹೇಳುತ್ತಿದ್ದೆ. ಊರ ಬಾಯಿಗೆ ಬಿದ್ದು ಅವರ ಬಾಳು ಹಾಳಾಗಬಾರದು ಅಂತ. ಹಾಗೆ ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಸುಳ್ಳು. ನನಗೆ ಪುಸ್ತಕ ಬೇಕಾಗಿತ್ತು. ಹತ್ತು ವರ್ಷ ಬರೆದವನಿಗೆ ಬೆನ್ನಿನ ಮೇಲೆ ತನ್ನ ಹೆಸರಿರುವ ಒಂದು ಪುಸ್ತಕ ನೋಡಬೇಕೆಂಬ ಹಾಳು ಆಸೆ. ಚಹಾ ಆರುವುದರೊಳಗೆ ಎರಡು ಸಾಲು ಬರೆದು ಕಳಿಸಿದೆ:

'ಈ ಸಿನಿಮಾದಲ್ಲಿ ನನ್ನ ಬದುಕನ್ನೇ ಕಂಡೆ. ಆ ನಾಯಕಿಯಂತೆ ನನಗೂ ಕೊನೆಗೆ ನನ್ನವರ ಪಕ್ಕದಲ್ಲಿ ಒಂದಿಷ್ಟು ಜಾಗ ಸಿಕ್ಕರೆ ಸಾಕು.'

ಕೆಳಗೆ ಅವರ ಹೆಸರು. ಅಷ್ಟು ವರ್ಷ ಅವರ ಮಾತನ್ನು ಬೇರೆಯವರ ಹೆಸರಿಗೆ ಹಾಕಿದ್ದೆ. ಮೊದಲ ಸಲ ಅವರ ಹೆಸರು ಹಾಕಿದಾಗ ಮಾತು ನನ್ನದಾಗಿತ್ತು.

ಪತ್ರಿಕೆ ಬಂದ ದಿನ ಸ್ಟಾಫ್ ರೂಮಿನಲ್ಲಿ ಅದೇ ಗಡಿಯಾರದ ಭಾಷಣದ ಮಾಸ್ತರರು ಅದನ್ನು ಎದ್ದು ನಿಂತು ಓದಿದರು, ಧ್ವನಿ ನಡುಗಿಸಿ. ಇಬ್ಬರು ಅಕ್ಕೋರುಗಳು ಕಣ್ಣೊರೆಸಿಕೊಂಡರು. ನಮ್ಮ ಅಕ್ಕೋರು ಪತ್ರಿಕೆ ಇಸಿದುಕೊಂಡು ತಾವೇ ಒಮ್ಮೆ ಓದಿದರು. ನನ್ನ ಕಡೆ ನೋಡಲಿಲ್ಲ. ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದರು. ತಪ್ಪು ಬರೆದ ಹುಡುಗನ ವಾಕ್ಯಕ್ಕೆ ಹೇಗೆ ಗೆರೆ ಎಳೆಯುತ್ತಿದ್ದರೋ ಹಾಗೆ ಆ ಎರಡು ಸಾಲಿನ ಕೆಳಗೆ ಗೆರೆ ಎಳೆದು, ಪತ್ರಿಕೆಯನ್ನು ಮಡಿಚಿ ನನ್ನ ಮುಂದಿಟ್ಟು, ಪೀರ್ಯಡ್ ತೆಗೆದುಕೊಳ್ಳಲು ಹೋದರು. ಬೈದಿದ್ದರೆ ನಾನು ಬದುಕುತ್ತಿದ್ದೆ.

ಮುಂದಿನ ಸೋಮವಾರ ಏನೂ ಆಗದವನ ಹಾಗೆ, ಹೊಸ ಸಿನಿಮಾ ನೋಡಿದಿರೇನು, ಹೆಂಗಿತ್ತರಿ ಅಂತ ಕೇಳಿದೆ. ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನು.

"ಒಮ್ಮಿ ನೋಡಬಹುದ್ರಿ ಸರ್" ಅಂದರು.

ಅದರ ಮುಂದಿನ ವಾರವೂ ಅದೇ. ನಿವೃತ್ತಿಯ ತನಕ ಅದೇ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಕಂಡಕ್ಟರ್ ಹೇಳಿದಷ್ಟೇ ಸಹಜವಾಗಿ. ಮೂರು ತಿಂಗಳಲ್ಲಿ ನನ್ನ ಅಂಕಣ ಒಣಗಿತು. ಗೋಕಾಕದ ಪ್ರೇಕ್ಷಕರಿಗೆ ಏನಾಯಿತು ಅಂತ ಓದುಗರು ಕೇಳಿದರು. ಅವರೆಲ್ಲ ಒಬ್ಬರೇ ಆಗಿದ್ದರು, ಆ ಒಬ್ಬರು ಬಾಯಿ ಮುಚ್ಚಿದ್ದಾರೆ ಅಂತ ನಾನು ಯಾರಿಗೆ ಹೇಳಲಿ?

ಪುಸ್ತಕ ಮಾತ್ರ ಬಂತು. ಬಿಡುಗಡೆಯೂ ಆಯಿತು, ಶಾಲು ನನಗೂ ಬಿತ್ತು. ಅದರಲ್ಲಿ ನೂರಾರು ಹೆಸರುಗಳಿವೆ, ಕಬ್ಬಿನ ರವದಿ ಇದೆ, ನೀರು ಕುಡಿಯುವ ಹಸಿದವನಿದ್ದಾನೆ, ಅಕ್ಕೋರು ಎಲ್ಲಿಯೂ ಇಲ್ಲ. ಆ ಎರಡು ಸಾಲಿನಲ್ಲಿ ಬಿಟ್ಟರೆ. ಎರಡು ವರ್ಷದ ಕೆಳಗೆ ಅವರಿಗೆ ಮೈ ಸರಿಯಿಲ್ಲ ಅಂತ ಕೇಳಿ ಮೂಡಲಗಿಯ ಮನೆಗೆ ಹೋದಾಗ ಒಂದು ಪ್ರತಿ ಒಯ್ದೆ. ಹುಕ್ಕೇರಿಯಿಂದ ಅವರ ತಂಗಿ ಬಂದಿದ್ದಳು, ಚಹಾ ಕೊಟ್ಟಳು. ಅಕ್ಕೋರು ಹಾಸಿಗೆಯ ಮೇಲೆ ಎದ್ದು ಕೂತು, ಕನ್ನಡಕ ಹಾಕಿಕೊಂಡು, ಪುಸ್ತಕದ ಅಷ್ಟಿಷ್ಟು ಹಾಳೆ ತಿರುವಿದರು. ತಪ್ಪಾಯ್ತು ಅಕ್ಕೋರೇ, ನಿಮ್ಮ ಮಾತನ್ನು ಈಗಲಾದರೂ ಬರೆದು ಹಾಕುತ್ತೇನೆ ಅಂತ ಹೇಳಲು ನಾನು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು, "ಹೆಂಗ ಆಗೇತ್ರಿ ಪುಸ್ತಕ?"

ಅವರು ಪುಸ್ತಕ ಮುಚ್ಚಿ ದಿಂಬಿನ ಬಾಜೂಕ್ಕೆ ಇಟ್ಟರು. "ಒಮ್ಮಿ ಓದಬಹುದ್ರಿ ಸರ್" ಅಂದರು.

ಅದೇ ನಮ್ಮ ಕೊನೆಯ ಮಾತು.

ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಮೂಡಲಗಿಗೆ ಹೋಗುವಷ್ಟರಲ್ಲಿ ಮನೆಯ ಮುಂದೆ ಹೂ ಕಟ್ಟಿದ ಟ್ರಕ್ಕು ನಿಂತಿತ್ತು. ಮುಂದೆ ಬ್ಯಾನರು. ಅದರ ಮೇಲೆ ಅವರ ಸತ್ಕಾರದ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ಎರಡು ಸಾಲು. ಕಟ್ಟೆಯ ಮೇಲೆ ಅಕ್ಕೋರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ. ಗಡಿಯಾರವಿಲ್ಲದ ಕೈ ನೋಡಿ ಕಣ್ಣು ಆಚೆ ಹೊರಳಿಸಿದೆ. ಅದನ್ನು ಮೈದುನ ಬಿಚ್ಚಿ ಜೇಬಿನಲ್ಲಿಟ್ಟುಕೊಂಡಿದ್ದ. ಅಣ್ಣನ ಗಡಿಯಾರ, ಮೂರ್ತಿಯ ಕೆಳಗೆ ಗಾಜಿನ ಪೆಟ್ಟಿಗೆ ಮಾಡಿಸಿ ಇಡುತ್ತೇವೆ ಅಂತ ಎಲ್ಲರಿಗೂ ತೋರಿಸುತ್ತಿದ್ದ. ಆತ ಕೆಟ್ಟವನಲ್ಲ. ಅತ್ತು ಅತ್ತು ಅವನ ಮುಖ ಬಾತಿತ್ತು.

ಬಾಗಿಲಲ್ಲಿ ಅಕ್ಕೋರ ತಂಗಿ ನಿಂತಿದ್ದಳು. "ನಮ್ಮ ಅಕ್ಕ ಘೋಡಗೇರಿ ಬ್ಯಾಡ ಅಂದಾಳ್ರಿ. ನನ್ನ ಮೂಡಲಗಿಯಾಗ ಮಣ್ಣ ಮಾಡ್ರಿ ಅಂತ ನನ್ನ ಕೈ ಹಿಡದ ಹೇಳ್ಯಾಳು. ಗಾಡಿ ಹಿಂದ ಕಳಸ್ರಿ" ಅನ್ನುತ್ತಿದ್ದಳು. ಹಿರಿಯರೆಲ್ಲ ಗೊಂದಲದಲ್ಲಿ ಬಿದ್ದಿದ್ದರು. ಮೈದುನ ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಹಾಕಿಸಿದ ಒಂದು ಕಾಗದ ತೆಗೆದ. ನಮ್ಮ ಪತ್ರಿಕೆಯ ಕಟಿಂಗು. ಅಂಚೆಲ್ಲ ಸವೆದಿತ್ತು.

"ಅತ್ತಿಗಿ ತನ್ನ ಬಾಯಿಲೆ ಹೇಳ್ಯಾಳ್ರಿ, ಪೇಪರಿನ್ಯಾಗ ಬಂದೈತಿ. ನಾ ಸುಳ್ಳ ಹೇಳಿದ್ರ ಇವರನ್ನ ಕೇಳ್ರಿ" ಅಂತ ನನ್ನ ಕಡೆ ತಿರುಗಿದ.

ಎಲ್ಲರೂ ತಿರುಗಿದರು. ತಂಗಿ ಎರಡು ಹೆಜ್ಜೆ ಮುಂದೆ ಬಂದಳು. "ಸರ್, ನೀವ ಅಕ್ಕನ ಜೋಡಿ ಹದಿನಾರ ವರ್ಷ ಇದ್ದಾವರು. ನೀವ ಹೇಳ್ರಿ. ಇದ ನಮ್ಮ ಅಕ್ಕ ಆಡಿದ ಮಾತ ಹೌದೇನ್ರಿ?"

ಬಾಜೂಕ್ಕೆ ಸಂಪಾದಕರು ನಿಂತಿದ್ದರು. ಗಡಿಯಾರದ ಮಾಸ್ತರರು ನಿಂತಿದ್ದರು. ನನ್ನ ಹಳೆಯ ಹಾಜರಿ ಪುಸ್ತಕದ ಅರ್ಧ ಮಂದಿ ನಿಂತಿದ್ದರು. ಚೀಟಿ ನನ್ನ ಮನೆಯ ಕಪಾಟಿನಲ್ಲಿತ್ತು, ಅದರ ಒಂದೊಂದು ಅಕ್ಷರವೂ ನನಗೆ ಬಾಯಿಪಾಠವಿತ್ತು. ಇಲ್ಲ ಅಂತ ಒಂದೇ ಮಾತು ಹೇಳಿದ್ದರೆ ಸಾಕಾಗಿತ್ತು.

"ಹೌದ್ರಿ" ಅಂದೆ.

ತಂಗಿ ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಘೋಡಗೇರಿಗೆ ಅವಳು ಬರಲಿಲ್ಲ. ನಾನು ಟ್ರಕ್ಕಿನ ಹಿಂದೆಯೇ ಹೋದೆ. ಹೊಲದ ಮೂಲೆಯಲ್ಲಿ ಮೂರ್ತಿಯ ಬಾಜೂಕ್ಕೆ ಕುಣಿ ತೋಡಿಟ್ಟಿದ್ದರು. ನಮ್ಮ ಪದ್ಧತಿಯಂತೆ ಅಕ್ಕೋರನ್ನು ಅದರಲ್ಲಿ ಇಳಿಸಿ ಕುಂದರಿಸಿದರು, ಮುಖ ಮೂರ್ತಿಯ ಕಡೆಗೆ ಮಾಡಿ. ಸಾಲಿನಲ್ಲಿ ನನ್ನ ಪಾಳಿ ಬಂದಾಗ ನಾನೂ ಒಂದು ಹಿಡಿ ಮಣ್ಣು ಹಾಕಿದೆ.